ದನದ ಲೆಕ್ಕ ಬಿಡಿ, ದಿನದ ಲೆಕ್ಕ ಹಿಡಿಯಿರಿ

ಆರಿದ್ರಾ ಮಳೆ ಬಿದ್ದ ಮೇಲೆ ಬೀದರ್ ಜಿಲ್ಲೆಯ ಭಾಲ್ಕಿ ಕಡೆಯ ನಮ್ಮೂರ ಗಾಯರಾಣ, ಅಂದರೆ ಊರ ದನ ಮೇಯುವ ಸಾಮಾನ್ಯ ಜಮೀನು, ದೂರದಿಂದ ಚೆನ್ನಾಗಿ ಹಸಿರು ಕಾಣುತ್ತದೆ. ರಸ್ತೆ ಮೇಲೆ ನಿಂತು ನೋಡಿದವರು ಈ ವರ್ಷ ಮೇವಿಗೆ ಕೊರತೆ ಇಲ್ಲ ಅಂತ ಹೇಳಿ ಹೋಗಿಬಿಡುತ್ತಾರೆ. ಒಮ್ಮೆ ಒಳಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಒಂದೇ ಒಂದು ಹುಲ್ಲಿನ ಬುಡ ನೋಡಿ. ನಾನು ಹೋದ ವರ್ಷ ನೋಡಿದ್ದು ಇದು: ಬೆರಳಿನ ಎರಡು ಗೆಣ್ಣಿನಷ್ಟು ಎತ್ತರದ ಬುಡ, ಅದರಿಂದ ಹೊರಟ ಮೂರು ತೆಳು ಚಿಗುರು. ಅದರಲ್ಲಿ ಎರಡರ ತುದಿ ಆಗಲೇ ಹರಿದುಹೋಗಿದೆ, ಹರಿದ ಅಂಚು ಕಂದು ಬಣ್ಣಕ್ಕೆ ತಿರುಗಿದೆ. ಪಕ್ಕದಲ್ಲೇ ತಗಚಿ ಗಿಡ ಮೊಣಕಾಲೆತ್ತರ ನಿಂತಿದೆ, ಒಂದು ಎಲೆಗೂ ಬಾಯಿ ಬಿದ್ದಿಲ್ಲ. ಅದರಾಚೆ ಕಾಂಗ್ರೆಸ್ ಗಿಡ ಮೊಗ್ಗು ಬಿಟ್ಟಿದೆ. ದೂರದಿಂದ ಕಂಡ ಹಸಿರಿನಲ್ಲಿ ಮುಕ್ಕಾಲು ಪಾಲು ಅದೇ.

ನನ್ನ ಜೊತೆ ನಮ್ಮ ಕಾಕಾ ಇದ್ದರು. ನಾಲ್ಕು ದೇವಣಿ ದನ ಇಟ್ಟಿದ್ದಾರೆ. "ದನ ಹೆಚ್ಚಾಗ್ಯಾವ, ಅದಕ್ಕ ಹುಲ್ಲು ಉಳಿವಲ್ದು ಅಂತಾರ ಎಲ್ಲರೂ. ನಮ್ಮ ಮುತ್ಯಾನ ಕಾಲಕ್ಕ ನಮ್ಮ ಮನ್ಯಾಗೇ ಹದಿನಾಲ್ಕು ದನ ಇದ್ದವು. ಆಗ ಹುಲ್ಲೂ ಇತ್ತಲ್ಲೋ" ಅಂದರು.

ಅವರ ಮಾತು ಸರಿ. ಟ್ರ್ಯಾಕ್ಟರ್ ಬಂದ ಮೇಲೆ ನಮ್ಮ ಓಣಿಯಲ್ಲಿ ಎತ್ತುಗಳೇ ಕಡಿಮೆಯಾಗಿವೆ. ಗಾಯರಾಣ ಕಿರಿದಾಗಿದೆ, ಅದು ನಿಜ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಉಳಿದ ನೆಲದಲ್ಲೂ ಹುಲ್ಲು ಏಕೆ ಏಳುತ್ತಿಲ್ಲ ಅನ್ನುವುದಕ್ಕೆ ದನದ ಸಂಖ್ಯೆ ಒಂದೇ ಉತ್ತರ ಅಲ್ಲ. ಒಂದು ಹುಲ್ಲಿನ ಬುಡದ ಮೇಲೆ ದನ ಎಷ್ಟು ದಿನ ನಿಲ್ಲುತ್ತದೆ, ಮತ್ತೆ ಎಷ್ಟು ದಿನ ಬಿಟ್ಟು ಬರುತ್ತದೆ, ಅದು ದೊಡ್ಡ ಉತ್ತರ. ಈಗ ಯೂಟ್ಯೂಬ್‌ನಲ್ಲಿ ನಮ್ಮ ಹುಡುಗರೆಲ್ಲ ನೋಡುತ್ತಿರುವ ಸರದಿ ಮೇಯಿಸುವಿಕೆ, ಅಂದರೆ ಹುಲ್ಲುಗಾವಲನ್ನು ಸಣ್ಣ ಸಣ್ಣ ತುಂಡು ಮಾಡಿ ದನಗಳನ್ನು ಒಟ್ಟಾಗಿ ಒಂದಾದ ಮೇಲೆ ಒಂದರಲ್ಲಿ ಬಿಡುವ ಪದ್ಧತಿ, ನಿಂತಿರುವುದು ಈ ಒಂದೇ ವಿಷಯದ ಮೇಲೆ.

ಮೊದಲು ದನದ ಬಾಯಿ ನೋಡೋಣ. ದನಕ್ಕೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲು ಇಲ್ಲ, ಗಟ್ಟಿ ವಸಡು ಅಷ್ಟೇ. ಅದು ನಾಲಿಗೆ ಹೊರಗೆ ಚಾಚಿ, ಹುಲ್ಲಿನ ಹಿಡಿಯನ್ನು ಸುತ್ತಿ ಒಳಗೆಳೆದು, ಕೆಳಗಿನ ಹಲ್ಲಿಗೂ ಮೇಲಿನ ವಸಡಿಗೂ ನಡುವೆ ಒತ್ತಿ, ತಲೆ ಜಗ್ಗಿ ಹರಿಯುತ್ತದೆ. ಕಿವಿ ಕೊಟ್ಟರೆ ಆ ಚರ್ ಚರ್ ಸದ್ದು ಕೇಳುತ್ತದೆ. ಅದಕ್ಕೇ ಹುಲ್ಲು ಎತ್ತರ ಇದ್ದರೆ ದನಕ್ಕೆ ಹೊಟ್ಟೆ ಬೇಗ ತುಂಬುತ್ತದೆ. ಗಿಡ್ಡ ಇದ್ದರೆ ನಾಲಿಗೆಗೆ ಏನೂ ಸಿಗುವುದಿಲ್ಲ, ಇಡೀ ದಿನ ನಡೆದಾಡಿದರೂ ಸಂಜೆ ಪಕ್ಕೆ ಒಳಗೇ ಇರುತ್ತದೆ. ಕುರಿಯ ಕಥೆ ಬೇರೆ. ಅದರ ಬಾಯಿ ಸಣ್ಣ, ಮೇಲಿನ ತುಟಿ ಸೀಳಿದೆ, ನೆಲಕ್ಕೆ ಹತ್ತಿ ಕಚ್ಚುತ್ತದೆ. ದನ ಬಿಟ್ಟದ್ದನ್ನು ಕುರಿ ತೆಗೆಯುತ್ತದೆ. ನಮ್ಮ ಗಾಯರಾಣಕ್ಕೆ ಬೆಳಿಗ್ಗೆ ದನ, ಮಧ್ಯಾಹ್ನ ಕುರಿ.

ಇನ್ನೊಂದು ವಿಷಯ. ದನ ಸಿಕ್ಕಿದ್ದನ್ನೆಲ್ಲ ತಿನ್ನುವುದಿಲ್ಲ, ಆರಿಸಿ ತಿನ್ನುತ್ತದೆ. ಒಂದು ದೊಡ್ಡ ಬಯಲಿಗೆ ಸುಮ್ನೆ ಬಿಟ್ಟುಬಿಟ್ಟರೆ ಮೊದಲು ರುಚಿಯಾದ ಎಳೆ ಹುಲ್ಲಿಗೆ ಹೋಗುತ್ತದೆ, ನಮ್ಮಲ್ಲಿ ಅಂಜನ ಹುಲ್ಲು, ಕರಕಿ, ಅಂಥವಕ್ಕೆ. ಮಾರನೇ ದಿನ ಮತ್ತೆ ಅಲ್ಲಿಗೇ. ನಾಲ್ಕೈದು ದಿನಕ್ಕೆ ಚಿಗುರು ಬಂದರೆ ಆ ಚಿಗುರಿಗೇ ಬಾಯಿ. ಅತ್ತ ಕರಡ ಹುಲ್ಲನ್ನು ಎಳೆಯದಾಗಿದ್ದಾಗ ತಿನ್ನದೆ ಬಿಡುತ್ತದೆ, ಅದು ಬಲಿತು ಗಡಸಾಗಿ, ತೆನೆಯ ಮುಳ್ಳು ಬಿಟ್ಟು, ಆಮೇಲೆ ಯಾರಿಗೂ ಬೇಡವಾಗುತ್ತದೆ. ಹೀಗೆ ಒಂದೇ ಹೊಲದಲ್ಲಿ ಒಂದು ಗಿಡ ಮತ್ತೆ ಮತ್ತೆ ಬಾಯಿ ಬಿದ್ದು ಸಾಯುತ್ತದೆ, ಪಕ್ಕದ ಗಿಡ ಬಾಯಿ ಬೀಳದೇ ಹಾಳಾಗುತ್ತದೆ. ಹತ್ತು ವರ್ಷ ಹೀಗೇ ನಡೆದರೆ ಉಳಿಯುವುದು ದನ ಮುಟ್ಟದ ಗಿಡಗಳು ಮಾತ್ರ. ಬಳ್ಳಾರಿ ಜಾಲಿಯಂತೂ ಇನ್ನೂ ಒಂದು ಹೆಜ್ಜೆ ಮುಂದೆ: ಎಲೆ ದನಕ್ಕೆ ಬೇಡ, ಆದರೆ ಸಿಹಿ ಕಾಯಿ ಬೇಕು, ಆ ಕಾಯಿಯ ಬೀಜ ಸಗಣಿಯಲ್ಲಿ ಬಿದ್ದು ಗೊಬ್ಬರದ ಜೊತೆಗೇ ಮೊಳೆಯುತ್ತದೆ.

ಹುಲ್ಲು ಬೆಳೆಯುವ ರೀತಿ ಗೊತ್ತಾದರೆ ಉಳಿದದ್ದು ಸುಲಭ. ಕಚ್ಚಿಸಿಕೊಂಡ ಹುಲ್ಲಿಗೆ ಎಲೆ ಇರುವುದಿಲ್ಲ, ಎಲೆ ಇಲ್ಲದೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಬುಡದಲ್ಲಿ, ಬೇರಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಮೊದಲ ಚಿಗುರು ಬಿಡುತ್ತದೆ. ಅದು ನಿಧಾನ. ಎರಡು ಮೂರು ಎಲೆ ಪೂರ್ತಿ ಬಿಚ್ಚಿದ ಮೇಲೆ ಒಮ್ಮೆಲೇ ಓಡುತ್ತದೆ, ದಿನಕ್ಕೆ ಕಣ್ಣಿಗೆ ಕಾಣುವಷ್ಟು. ಆಮೇಲೆ ತೆನೆ ಹೊರಡುವಾಗ ಮತ್ತೆ ನಿಧಾನ. ಮೊದಲ ಚಿಗುರನ್ನೇ ದನ ಮತ್ತೆ ಕಚ್ಚಿದರೆ ಹುಲ್ಲು ಎರಡನೇ ಸಲ ಆ ಕೂಡಿಟ್ಟ ಗಂಟು ಬಿಚ್ಚಬೇಕು. ಮೂರನೇ ಸಲ ಗಂಟಿನಲ್ಲಿ ಏನೂ ಇರುವುದಿಲ್ಲ. ಬೇರು ಗಿಡ್ಡ ಆಗುತ್ತದೆ, ಮಳೆ ಹದಿನೈದು ದಿನ ಕೈಕೊಟ್ಟರೆ ಆ ಗಿಡ ಹೋಯಿತು. ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಮಳೆ ಹದಿನೈದು ದಿನ ಕೈಕೊಡದ ವರ್ಷ ಯಾವುದಿದೆ ಹೇಳಿ.

ಇದನ್ನು ಲೆಕ್ಕ ಹಾಕಿ ಹೇಳಿದವರಲ್ಲಿ ಮುಖ್ಯ ಹೆಸರು ಆಂಡ್ರೆ ವ್ವಾಜಾನ್. ಫ್ರಾನ್ಸ್‌ನ ನಾರ್ಮಂಡಿಯಲ್ಲಿ ಸ್ವಂತ ದನ ಸಾಕಿದ್ದ ವಿಜ್ಞಾನಿ, 1903ರಿಂದ 1964ರವರೆಗೆ ಬದುಕಿದ್ದವರು. ಅತಿಮೇಯಿಸುವಿಕೆ ಆಗುವುದು ದನ ಎಷ್ಟಿವೆ ಅನ್ನುವುದರಿಂದ ಅಲ್ಲ, ಹುಲ್ಲು ಎಷ್ಟು ಹೊತ್ತು ದನದ ಬಾಯಿಗೆ ಸಿಗುತ್ತದೆ ಅನ್ನುವುದರಿಂದ, ಇದು ಅವರ ಮುಖ್ಯ ವಾದ. ಒಂದು ತುಂಡಿನಲ್ಲಿ ಮೂರು ದಿನಕ್ಕಿಂತ ಹೆಚ್ಚು ಬಿಡಬೇಡಿ, ಬಿಟ್ಟರೆ ಹೊಸ ಚಿಗುರು ಕಚ್ಚುತ್ತವೆ. ಆಮೇಲೆ ಹುಲ್ಲು ಪೂರ್ತಿ ಸುಧಾರಿಸುವವರೆಗೆ ಆ ಕಡೆ ತಿರುಗಿ ನೋಡಬೇಡಿ. ಅಷ್ಟೇ. ನ್ಯೂಜಿಲೆಂಡ್‌ನಲ್ಲಿ 1930ರ ದಶಕದಲ್ಲೇ ವಿದ್ಯುತ್ ಬೇಲಿ ಬಂದಿತ್ತು, ಒಂದು ತಂತಿ ಎಳೆದರೆ ತುಂಡು ತಯಾರು, ಹಾಗಾಗಿ ಅಲ್ಲಿ ಈ ಪದ್ಧತಿ ಬೇಗ ಬೇರು ಬಿಟ್ಟಿತು.

ತುಂಡು ಎಷ್ಟು ಬೇಕು? ಹುಲ್ಲಿಗೆ ಬೇಕಾದ ವಿಶ್ರಾಂತಿಯ ದಿನಗಳನ್ನು ಒಂದು ತುಂಡಿನಲ್ಲಿ ನಿಲ್ಲುವ ದಿನಗಳಿಂದ ಭಾಗಿಸಿ, ಒಂದು ಕೂಡಿಸಿ. ವಿಶ್ರಾಂತಿ 30 ದಿನ, ನಿಲ್ಲುವುದು 2 ದಿನ ಅಂದರೆ 16 ತುಂಡು. ಹುಲ್ಲು ಎಂಟು ಹತ್ತು ಇಂಚು ಇದ್ದಾಗ ಒಳಗೆ ಬಿಡುವುದು, ಮೂರು ನಾಲ್ಕು ಇಂಚಿಗೆ ಇಳಿದಾಗ ಹೊರಗೆ ತೆಗೆಯುವುದು. ಅರ್ಧ ದನಕ್ಕೆ, ಅರ್ಧ ಬೇರಿಗೆ ಅಂತ ನೆನಪಿಟ್ಟುಕೊಳ್ಳಿ. ಜಾಗ ಸಣ್ಣದು, ದನ ಒತ್ತಾಗಿ ಇರುತ್ತವೆ, ಆರಿಸಿ ತಿನ್ನಲು ಪುರುಸೊತ್ತಿಲ್ಲ, ಹಾಗಾಗಿ ಒಳ್ಳೆಯದು ಕೆಟ್ಟದು ಎರಡಕ್ಕೂ ಬಾಯಿ ಬೀಳುತ್ತದೆ. ಸಗಣಿ, ಗಂಜಲ ಎಲ್ಲ ಕಡೆ ಸಮವಾಗಿ ಬೀಳುತ್ತದೆ, ಒಂದೇ ಬೇವಿನ ಮರದ ಕೆಳಗೆ ಗುಡ್ಡೆ ಆಗುವುದಿಲ್ಲ. ಹೊಟ್ಟೆಹುಳುವಿನ ಮರಿಗಳು ಹುಲ್ಲಿನ ತುದಿಗೆ ಹತ್ತಿ ಕಾಯುತ್ತಿರುತ್ತವಲ್ಲ, ದನ ಬಹಳ ದಿನ ಬರದಿದ್ದರೆ ಅವುಗಳಲ್ಲಿ ಬಹಳಷ್ಟು ಬಿಸಿಲಿಗೆ ಸಾಯುತ್ತವೆ.

ನಮ್ಮ ಕಾಕಾನ ಮಗ ಇದನ್ನು ಎರಡು ಎಕರೆ ಬೀಳು ಹೊಲದಲ್ಲಿ ಮಾಡಿ ನೋಡಿದ. ಎರಡು ಹಸು, ಒಂದು ಕರು. ಐದೈದು ಗುಂಟೆಯ 16 ತುಂಡು, ಸೋಲಾರ್ ಬೇಲಿ ಯಂತ್ರ, ಪ್ಲಾಸ್ಟಿಕ್ ತಂತಿ, ಬಿದಿರು ಗೂಟ. (ಇಲ್ಲಿ ಒಂದು ಮಾತು ಹೇಳಲೇಬೇಕು: ಈ ಯಂತ್ರ ಸೆಕೆಂಡಿಗೆ ಒಂದು ಸಲ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಶಾಕ್ ಕೊಡುತ್ತದೆ, ದನ ಬೆದರುತ್ತದೆ, ಸಾಯುವುದಿಲ್ಲ. ಕಂಬದ ಲೈನ್‌ನಿಂದ ನೇರವಾಗಿ ತಂತಿಗೆ ಕರೆಂಟ್ ಕೊಟ್ಟರೆ ದನವೂ ಸಾಯುತ್ತದೆ, ಮನೆಯ ಮಗುವೂ ಸಾಯುತ್ತದೆ, ಅದು ಅಪರಾಧ ಕೂಡ. ದಯವಿಟ್ಟು ಹಾಗೆ ಮಾಡಬೇಡಿ.) ಮೊದಲ ಸುತ್ತು ಚೆನ್ನಾಗಿ ಹೋಯಿತು. ಮೂರನೇ ದಿನಕ್ಕೆ ಹಸುಗಳೇ ಗೂಟದ ಹತ್ತಿರ ಬಂದು, ತಂತಿ ಯಾವಾಗ ಎತ್ತುತ್ತಾನೆ ಅಂತ ಅವನ ಮುಖ ನೋಡುತ್ತ ನಿಲ್ಲುತ್ತಿದ್ದವು. ತಂತಿ ಎತ್ತಿದ ಕೂಡಲೇ ಕರು ಬಾಲ ಎತ್ತಿಕೊಂಡು ಓಡುತ್ತಿತ್ತು.

ಎರಡು ಕಡೆ ಪೆಟ್ಟು ಬಿತ್ತು. ಒಂದು, ಶ್ರಾವಣದ ಜಿಟಿಜಿಟಿ ಮಳೆ. ಅವನದು ಎರೆ ಹೊಲ, ಅಂದರೆ ಕಪ್ಪು ಮಣ್ಣು. ಒತ್ತಾಗಿ ನಿಂತ ದನಗಳ ಗೊರಸು ಗೇಣು ಆಳಕ್ಕೆ ಇಳಿಯಿತು. ಹುಲ್ಲಿನ ಬುಡ ಕಿತ್ತು ಮೇಲೆ ಬಂತು, ಬಿಸಿಲು ಬಿದ್ದ ಮೇಲೆ ಆ ಗುಂಡಿಗಳೆಲ್ಲ ಇಟ್ಟಿಗೆಯ ಹಾಗೆ ಗಟ್ಟಿಯಾದವು. ಐದು ದಿನ ದನಗಳನ್ನು ಕೊಟ್ಟಿಗೆಗೆ ಕಟ್ಟಿ ಕಣಿಕಿ, ಅಂದರೆ ಜೋಳದ ಒಣ ದಂಟು, ಹಾಕಬೇಕಾಯಿತು. ವಿಡಿಯೋಗಳಲ್ಲಿ ದನ ತುಳಿದರೆ ನೆಲಕ್ಕೆ ಒಳ್ಳೆಯದು ಅನ್ನುತ್ತಾರೆ. ಮಡ್ಡಿಗೆ, ಅಂದರೆ ಕಲ್ಲುಮಿಶ್ರಿತ ಗಟ್ಟಿ ನೆಲಕ್ಕೆ, ಒಣಗಿದ ಹೊತ್ತಿಗೆ ಇರಬಹುದು, ಒದ್ದೆ ಎರೆ ಭೂಮಿಗೆ ಖಂಡಿತ ಅಲ್ಲ. ಎರಡು, ಮಳೆ ನಿಂತ ಮೇಲೂ ಅವನು 30 ದಿನದ ಲೆಕ್ಕವನ್ನೇ ಹಿಡಿದ. ದಸರಾ ಆದ ಮೇಲೆ ಹುಲ್ಲಿನ ಓಟ ಕಡಿಮೆ ಆಗುತ್ತದೆ, ದೀಪಾವಳಿ ದಾಟಿದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮೂವತ್ತನೇ ದಿನ ಹೋದರೆ ಅಲ್ಲಿ ನಾಲ್ಕು ಇಂಚು ಕೂಡ ಇರಲಿಲ್ಲ, ಆದರೂ ಬಿಟ್ಟ. ಕ್ಯಾಲೆಂಡರ್ ನೋಡಿ ಬಿಡಬಾರದು, ಹುಲ್ಲು ನೋಡಿ ಬಿಡಬೇಕು. ಹುಲ್ಲು ಓಡುವಾಗ ದನವೂ ಬೇಗ ಬೇಗ ಮುಂದಕ್ಕೆ, ಹುಲ್ಲು ನಿಧಾನವಾದಾಗ ದನವೂ ನಿಧಾನ, ನಿಂತಾಗ ದನ ಕೊಟ್ಟಿಗೆಗೆ. ಈ ವರ್ಷ ಅವನಿಗೆ ಇದು ಗೊತ್ತು.

ಇದೇ ಜಾಗದಲ್ಲಿ ಇನ್ನೊಂದು ಎಚ್ಚರಿಕೆ. ಜೋಳ ಕೊಯ್ದ ಮೇಲೆ ಕೂಳೆಯಿಂದ ಬರುವ ಎಳೆ ಚಿಗುರಿಗೆ ತಂತಿ ಕಟ್ಟಿ ದನ ಬಿಡಬೇಡಿ. ಆ ಚಿಗುರಿನಲ್ಲೂ, ಮಳೆ ಇಲ್ಲದೆ ಬಾಡಿದ ಮೊಣಕಾಲುದ್ದದ ಜೋಳದಲ್ಲೂ ಸೈನೈಡ್ ವಿಷ ಇರುತ್ತದೆ, ಹೊಟ್ಟೆ ತುಂಬಾ ತಿಂದರೆ ಗಳಿಗೆಯಲ್ಲಿ ದನ ಬೀಳುತ್ತದೆ. ಹಿರಿಯರಿಗೆ ಇದು ಗೊತ್ತಿತ್ತು, ಈಗಿನವರಿಗೆ ಹೇಳಬೇಕಾಗಿದೆ.

ಹಾಗಾದರೆ ಈ ಪದ್ಧತಿ ಎಲ್ಲ ಕಡೆ ಗೆದ್ದಿದೆಯಾ? ಇಲ್ಲ. ಮಳೆ ಚೆನ್ನಾಗಿರುವ, ಬಿತ್ತಿ ಬೆಳೆಸಿದ ಹುಲ್ಲುಗಾವಲಿನಲ್ಲಿ ಲಾಭ ಸ್ಪಷ್ಟ. ಮಳೆ ಕಡಿಮೆ ಇರುವ ಬಯಲುಗಳಲ್ಲಿ ಜಗಳ ಇದೆ. ಜಿಂಬಾಬ್ವೆ ಮೂಲದ ಪರಿಸರ ತಜ್ಞ ಆಲನ್ ಸೇವರಿ 2013ರಲ್ಲಿ ಒಂದು ಭಾಷಣ ಮಾಡಿ, ದನಗಳನ್ನು ಹಿಂಡು ಹಿಂಡಾಗಿ ಮುಂದಕ್ಕೆ ಸಾಗಿಸುತ್ತ ಮೇಯಿಸಿದರೆ ಮರುಭೂಮಿಯೇ ಹಸಿರಾಗುತ್ತದೆ, ಹವಾಮಾನ ಬದಲಾವಣೆಯನ್ನೇ ಹಿಂದಕ್ಕೆ ತಿರುಗಿಸಬಹುದು ಅಂದರು. ಜಗತ್ತೆಲ್ಲ ನೋಡಿತು, ನಮ್ಮ ಹುಡುಗರೂ ನೋಡಿದ್ದಾರೆ. ಆದರೆ ಅದಕ್ಕೂ ಮೊದಲೇ, 2008ರಲ್ಲಿ, ಅಮೆರಿಕದ ಹುಲ್ಲುಗಾವಲು ವಿಜ್ಞಾನಿಗಳು ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಇಂಥ ಬಯಲು ಹುಲ್ಲುಗಾವಲುಗಳಲ್ಲಿ ಸರದಿ ಮೇಯಿಸುವಿಕೆ ಸದಾ ಬಿಟ್ಟು ಮೇಯಿಸುವುದಕ್ಕಿಂತ ಮೇಲು ಅನ್ನಲು ಆಧಾರ ಇಲ್ಲ ಅಂದಿದ್ದರು. ಪರ ಇರುವವರ ಉತ್ತರ ಏನೆಂದರೆ, ಆ ಪ್ರಯೋಗಗಳಲ್ಲಿ ದಿನ ಗಟ್ಟಿ ಮಾಡಿಟ್ಟಿದ್ದರು, ನಿಜವಾದ ರೈತ ಹುಲ್ಲು ನೋಡಿ ದಿನ ಬದಲಿಸುತ್ತಾನೆ. ನನಗೆ ಎರಡೂ ಕಡೆ ಅರ್ಥ ಆಗುತ್ತದೆ. ಹವಾಮಾನ ಬದಲಿಸುವ ಮಾತು ಅಳತೆಗೆ ಮೀರಿದ್ದು, ಅದನ್ನು ನಾನು ಒಪ್ಪುವುದಿಲ್ಲ. ಎರಡನೇ ಕಡಿತಕ್ಕೆ ಮೊದಲು ಹುಲ್ಲಿಗೆ ಪುರುಸೊತ್ತು ಕೊಡಿ ಅನ್ನುವ ಮಾತು ಬೇರೆ, ಅದನ್ನು ಅಲ್ಲ ಅಂದ ವಿಜ್ಞಾನಿಯನ್ನು ನಾನು ಕಂಡಿಲ್ಲ.

ಈಗ ಗಾಯರಾಣಕ್ಕೆ ಬರೋಣ. ದಕ್ಷಿಣದವರು ಗೋಮಾಳ ಅನ್ನುತ್ತಾರಲ್ಲ, ನಮ್ಮಲ್ಲಿ ಅದು ಗಾಯರಾಣ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಂ ಊರಿನ ದನಕ್ಕೆ ಜಾಗ ಮೀಸಲಿಡಲು ಅಧಿಕಾರ ಕೊಡುತ್ತದೆ. 1966ರ ನಿಯಮಗಳ 97ನೇ ನಿಯಮ ಲೆಕ್ಕ ಹೇಳುತ್ತದೆ: ಪ್ರತಿ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ಅದನ್ನು ಕಡಿಮೆ ಮಾಡುವ ಅಧಿಕಾರವೂ ಜಿಲ್ಲಾಧಿಕಾರಿಗೆ ಇದೆ.

ಇದನ್ನು ಒಂದು ದನಕ್ಕೆ ಇಳಿಸಿ ನೋಡಿ. ಒಂದು ದನಕ್ಕೆ 12 ಗುಂಟೆ. ಎಕರೆಗೆ ವರ್ಷಕ್ಕೆ ಒಂದು ಟನ್ ಒಣ ಹುಲ್ಲು ಬರುತ್ತದೆ ಅಂತ ಇಟ್ಟುಕೊಳ್ಳಿ. ಹಾಳಾದ ಗಾಯರಾಣದಲ್ಲಿ ಅಷ್ಟೂ ಬರುವುದಿಲ್ಲ, ಆದರೂ ಇಟ್ಟುಕೊಳ್ಳೋಣ. 12 ಗುಂಟೆಗೆ 300 ಕಿಲೋ. ಅರ್ಧ ಬೇರಿಗೆ ಬಿಟ್ಟರೆ 150 ಕಿಲೋ. ಊರ ದನ ಒಂದಕ್ಕೆ ದಿನಕ್ಕೆ 8 ಕಿಲೋ ಒಣ ಮೇವು ಅಂದರೆ, 150 ಕಿಲೋ 19 ದಿನಕ್ಕೆ ಮುಗಿಯಿತು. ವರ್ಷದ 365 ದಿನದಲ್ಲಿ 19 ದಿನ! ಒಂದು ಗುಂಟೆ ಒತ್ತುವರಿ ಆಗದೆ, ಕಾಯ್ದೆ ಹೇಳಿದಷ್ಟೂ ನೆಲ ಇದ್ದರೂ ಇಷ್ಟೇ.

ಹಾಗಾಗಿ ಬರೀ ಗಾಯರಾಣವೇ ದನಗಳನ್ನು ಸಾಕುತ್ತದೆ ಅನ್ನುವುದು ಯಾವ ಕಾಲಕ್ಕೂ ಇರಲಿಲ್ಲ. ಸಾಕಿದ್ದು ಬಿಳಿಜೋಳದ ಕಣಿಕಿ, ಹೊಲದ ಬದುವಿನ ಹುಲ್ಲು, ರಾಶಿ ಆದ ಮೇಲಿನ ಬಯಲು, ಎಲ್ಲ ಸೇರಿ. ಈಗ ಬೀದರ್ ಕಡೆ ಜೋಳದ ಹೊಲಗಳಿಗೆ ಸೋಯಾ ಬಂದಿದೆ, ಕಲಬುರಗಿಯಲ್ಲಿ ಎತ್ತ ನೋಡಿದರೂ ತೊಗರಿ. ತೊಗರಿ ಹೊಟ್ಟು ದನ ತಿನ್ನುತ್ತದೆ ನಿಜ, ಕಟ್ಟಿಗೆ ಒಲೆಗೆ ಹೋಗುತ್ತದೆ. ಕಣಿಕಿ ಬಣವಿಯ ಜಾಗ ಅದು ತುಂಬುವುದಿಲ್ಲ. ಯಾದಗಿರಿಯ ಶಹಾಪುರ, ಸುರಪುರದ ಕಾಲುವೆ ಕೆಳಗೆ ಭತ್ತದ ಹುಲ್ಲು ಇದೆ, ಆದರೆ ಮಷಿನ್ ಕೊಯ್ಲು ಆದ ಮೇಲೆ ಗದ್ದೆಯಲ್ಲಿ ಚೆಲ್ಲಿದ ಹುಲ್ಲನ್ನು ಎತ್ತುವ ಖರ್ಚಿಗೆ ಹೆದರಿ ಬೆಂಕಿ ಇಡುವವರೂ ಇದ್ದಾರೆ. ಮೇವು ಕೊಳ್ಳುವ ದಿನಗಳು ಹೆಚ್ಚಾಗಿವೆ. ಇಂಥ ಹೊತ್ತಿನಲ್ಲಿ ಗಾಯರಾಣದ ಹುಲ್ಲು ಎಕರೆಗೆ ಒಂದರಿಂದ ಎರಡು ಟನ್ ಆದರೆ 19 ದಿನ 38 ಆಗುತ್ತದೆ. ಪವಾಡ ಅಲ್ಲ. ಆದರೆ ನಾಲ್ಕು ದನ ಇರುವ ಮನೆಗೆ 19 ದಿನದ ಮೇವು ಅಂದರೆ 600 ಕಿಲೋ, ಬೇಸಿಗೆಯಲ್ಲಿ ಅದನ್ನು ರೊಕ್ಕ ಕೊಟ್ಟು ತಂದವರಿಗೆ ಅದರ ತೂಕ ಗೊತ್ತು.

ಒತ್ತುವರಿ ವಿಷಯ ಸುಲಭ ಅಲ್ಲ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರಿನ ಸಾಮಾನ್ಯ ಜಮೀನಿನ ಒತ್ತುವರಿ ತೆರವು ಮಾಡಿ ಅಂತ ಎಲ್ಲ ರಾಜ್ಯಗಳಿಗೆ ಹೇಳಿತು. ಅದೇ ತೀರ್ಪಿನಲ್ಲಿ, ಭೂಮಿ ಇಲ್ಲದ ಕೂಲಿಕಾರರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರವೇ ಕೊಟ್ಟಿದ್ದರೆ ಅದು ಬೇರೆ ಅಂತಲೂ ಹೇಳಿದೆ. ಈ ಎರಡನ್ನೂ ಒಟ್ಟಿಗೆ ಓದಬೇಕು. ಎರಡು ಎಕರೆ ಮಡ್ಡಿ ಒಡೆದು ಹೆಸರು ಬೆಳೆದು ಮಕ್ಕಳನ್ನು ಸಾಕಿದ ಕುಟುಂಬವೂ, ಇಪ್ಪತ್ತು ಎಕರೆಗೆ ತಂತಿ ಬೇಲಿ ಹಾಕಿ ಲೇಔಟ್ ಮಾಡುವ ಕನಸು ಕಾಣುವವನೂ ಒಂದೇ ತಕ್ಕಡಿಯಲ್ಲಿ ಕೂರುವುದಿಲ್ಲ. ದನಕ್ಕೆ ನೆಲ ಬೇಕು ಅನ್ನುವವರು ಮೊದಲು ಬಡವನ ಗುಡಿಸಲಿನ ಕಡೆ ಬೆರಳು ತೋರಿಸಿದರೆ ನಾನು ಅವರ ಜೊತೆ ಇಲ್ಲ.

ಉಳಿದ ನೆಲಕ್ಕೆ ತಂತಿ ಬೇಲಿ ಹಾಕಲು ಆಗುತ್ತದಾ? ಊರ ಜಮೀನು, ತಂತಿ ಒಂದೇ ರಾತ್ರಿಗೆ ಮಾಯ ಆಗಬಹುದು. ಕಟ್ಟಿದರೂ ತಾಂಡಾದ ಆಡುಗಳಿಗೆ, ಹೊರಗಿನಿಂದ ಬರುವ ಕುರಿ ಮಂದೆಗೆ ದಾರಿ ಎಲ್ಲಿ? ಬೀದರ್ ಕಡೆಯ ಬಯಲುಗಳಲ್ಲಿ ಕೃಷ್ಣಮೃಗ ಓಡಾಡುತ್ತವೆ, ಅವುಗಳಿಗೂ ಎದೆಯೆತ್ತರದ ಬೇಲಿ ಬೇಡ. ನಮ್ಮ ಬೇಲಿ ಅಂದರೆ ಮನುಷ್ಯ. ಕಾಕಾ ಸಣ್ಣವರಿದ್ದಾಗ ಊರಿಗೊಬ್ಬ ದನಗಾಹಿ ಇದ್ದ. ಬೆಳಿಗ್ಗೆ ಅಗಸಿ ಮುಂದೆ ನಿಂತು ಕೂಗಿದರೆ ಎಲ್ಲ ಮನೆಯ ದನ ಬಂದು ಕೂಡುತ್ತಿದ್ದವು. ಇವತ್ತು ಹಳ್ಳದ ಕಡೆ, ನಾಡಿದ್ದು ಗುಡಿ ಹಿಂದೆ, ಆಮೇಲೆ ಮಡ್ಡಿ ಮೇಲೆ. ರಾಶಿ ಹೊತ್ತಿಗೆ ಪ್ರತಿ ಮನೆಯಿಂದ ಅವನಿಗೆ ಜೋಳ. ಅವನು ಪುಸ್ತಕ ಓದಿರಲಿಲ್ಲ, ಆದರೆ ದನ ಒಟ್ಟಾಗಿದ್ದವು, ಮುಂದಕ್ಕೆ ಸಾಗುತ್ತಿದ್ದವು, ಹಿಂದಿನ ನೆಲ ಖಾಲಿ ಇರುತ್ತಿತ್ತು. ಇದೇ ಅಲ್ವಾ ಈಗ ಹೇಳುತ್ತಿರುವುದು? ಅವನು ಹೋದ ಮೇಲೆ ಪ್ರತಿ ಮನೆಯ ದನ ತನಗೆ ಬೇಕಾದಾಗ, ಬೇಕಾದಲ್ಲಿ ಮೇಯತೊಡಗಿತು. ಹಿಂಡು ಒಡೆಯಿತು, ಹುಲ್ಲಿಗೆ ಬಿಡುವು ಸಿಗದಂತಾಯಿತು.

ಹಾಗಾಗಿ ನಮ್ಮೂರಲ್ಲಿ ನಾವು ಕೇಳುತ್ತಿರುವುದು ಸಣ್ಣದು. ಗಾಯರಾಣದಲ್ಲಿ ಉಳಿದಿರುವ ನಲವತ್ತು ಎಕರೆಯನ್ನು ಕಲ್ಲಿಗೆ ಸುಣ್ಣ ಬಳಿದು ನಾಲ್ಕು ಭಾಗ ಮಾಡುವುದು. ಒಂದು ಭಾಗಕ್ಕೆ ಮಿರ್ಗದ (ಮೃಗಶಿರಾ) ಮಳೆಯಿಂದ ನಾಗರ ಪಂಚಮಿವರೆಗೆ ಯಾರ ದನವೂ, ಕುರಿಯೂ ಹೋಗಬಾರದು. ಮುಂದಿನ ವರ್ಷ ಇನ್ನೊಂದು ಭಾಗ. ಉಳಿದ ಮೂರರಲ್ಲಿ ಹಿಂಡು ಒಟ್ಟಾಗಿ ಸುತ್ತಬೇಕು, ಒಂದೊಂದರಲ್ಲಿ ದಿನಕ್ಕೆ ಒಂದೊಂದು ಪಟ್ಟಿ, ಮೇಯ್ದ ಪಟ್ಟಿಗೆ ಹಿಂದಿರುಗಿ ಬಿಡುವಂತಿಲ್ಲ. ಜೋರು ಮಳೆ ಇದ್ದ ದಿನ ಎರೆ ಇರುವ ತಗ್ಗಿಗೆ ಇಳಿಸಬಾರದು, ಮಡ್ಡಿ ಮೇಲೆಯೇ ಇರಲಿ. ಬಳ್ಳಾರಿ ಜಾಲಿಯನ್ನು ಬೇರು ಸಮೇತ ಕಿತ್ತ ಜಾಗದಲ್ಲಿ ಅಂಜನ ಹುಲ್ಲು ಮತ್ತು ಸ್ಟೈಲೋ ಅನ್ನುವ ಮೇವಿನ ಗಿಡದ ಬೀಜ ಚೆಲ್ಲಬೇಕು. ಬೀಜ ಎಲ್ಲಿ ಸಿಗುತ್ತದೆ, ಯಾವುದು ಹೊಂದುತ್ತದೆ ಅನ್ನುವುದಕ್ಕೆ ಬೀದರ್‌ನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಧಾರವಾಡದಲ್ಲಿ ಮೇವು ಸಂಶೋಧನಾ ಕೇಂದ್ರ ಇದೆ, ಹೋಗಿ ಕೇಳಿದರೆ ಆಯಿತು.

ದನಗಾಹಿಗೆ ಜೋಳ ಕೊಡುವ ಕಾಲ ಹೋಯಿತು. ಒಂದು ದನಕ್ಕೆ ತಿಂಗಳಿಗೆ 150 ರೂಪಾಯಿ ಅಂದರೆ ಅರವತ್ತು ದನಕ್ಕೆ 9,000. ಮಳೆಗಾಲದ ನಾಲ್ಕು ತಿಂಗಳಿಗೆ ಇಷ್ಟು ರೊಕ್ಕಕ್ಕೆ ಒಬ್ಬ ಒಳ್ಳೆಯ ಆಳು ಸಿಗುವುದು ಕಷ್ಟ, 200 ಮಾಡಿದರೆ ಸಿಗಬಹುದು ಅನ್ನುತ್ತಾರೆ ಕಾಕಾ. ಮೊನ್ನೆ ಗುಡಿ ಕಟ್ಟೆಯಲ್ಲಿ ಕೂತಾಗ ಹನ್ನೊಂದು ಮನೆಯವರು ಹೂಂ ಅಂದರು. ಇಬ್ಬರು ನೋಡೋಣ ಅಂದಿದ್ದಾರೆ. ಕುರಿಯವರ ಜೊತೆ ಇನ್ನೂ ಮಾತಾಡಿಲ್ಲ. ಮುಚ್ಚಿದ ಭಾಗದ ಬದಲಿಗೆ ರಾಶಿ ಆದ ಹೊಲಗಳಲ್ಲಿ ಅವರ ಮಂದೆ ತರುಬಲು ಜಾಗ ಕೊಡಬೇಕು, ರಾತ್ರಿಗೆ ಇಷ್ಟು ಅಂತ ಕೊಡಬೇಕು, ಹೊಲಕ್ಕೂ ಹಿಕ್ಕೆ ಗೊಬ್ಬರ ಆಗುತ್ತದೆ. ಸೋಮವಾರ ಅವರ ಹಟ್ಟಿಗೆ ಹೋಗುತ್ತಿದ್ದೇವೆ.